ಮುಂದೂಡಿದ ಮುಟ್ಟು

ಮದುವೆಯಾಗಿ ಮೈಸೂರಿನಿಂದ ಚೆನ್ನೈಗೆ ಬಂದ ವರ್ಷವೇ ಅತ್ತೆ ನನ್ನ ಕೈಗೆ ಆ ಮಾತ್ರೆ ಕೊಟ್ಟರು. ಗೌರಿಹಬ್ಬಕ್ಕೆ ಇನ್ನೊಂದು ವಾರವಿತ್ತು. ಪುರಸೈವಾಕ್ಕಂನ ನಮ್ಮ ಮನೆಯ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಕೂತಿದ್ದವರು ತಲೆಯೆತ್ತದೆ ಕೇಳಿದರು.

“ನಿನ್ನ ಡೇಟ್ ಯಾವಾಗಮ್ಮಾ?”

ಹೇಳಿದೆ.

“ಅಯ್ಯೋ, ಹಬ್ಬದ ದಿನಕ್ಕೇ ಸರಿಯಾಗಿ ದೂರ ಆಗೋ ಹಾಗಿದೆಯಲ್ಲ. ಮಾತ್ರೆ ಹಾಕ್ಕೊಂಡ್ಬಿಡು. ಒಂದೂ ಆಗಲ್ಲ. ಈ ತೆರುನಲ್ಲಿ ಎಲ್ಲಾರೂ ಹಾಕ್ಕೋತಾರೆ.”

ಅವರ ಕನ್ನಡ ಹಾಗೇ. ಅಜ್ಜನ ಕಾಲದಿಂದ ಮದ್ರಾಸಿನಲ್ಲಿದ್ದ ವೈಷ್ಣವ ಮನೆತನ. ಬೀದಿಗೆ ತೆರು ಎನ್ನುವವರು, ಗಾಡಿಗೆ ವಂಡಿ ಎನ್ನುವವರು. ನನ್ನ ಮೈಸೂರಿನ ಮಾತು ಕೇಳಿ ಮೊದಮೊದಲು ಅವರಿಗೆ ನಗು ಬರುತ್ತಿತ್ತು, ಅವರದ್ದು ಕೇಳಿ ನನಗೆ.

ಅತ್ತೆ ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗಾದದ್ದನ್ನು ಕೇಳಿದವರೆಲ್ಲ ಮೊದಲು ಅವರ ಮೇಲೆಯೇ ಹರಿಹಾಯುತ್ತಾರೆ. ಅವರು ಸೊಸೆಯಾಗಿ ಬಂದಾಗ ಮುಟ್ಟಾದ ದಿನಗಳನ್ನು ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ ಕಳೆದಿದ್ದರಂತೆ. ಬೇರೆ ತಟ್ಟೆ, ಬೇರೆ ಚಾಪೆ, ಹಾಲು ಕುಡಿಯುವ ಮಗು ಅತ್ತರೂ ಎತ್ತಿಕೊಳ್ಳಬೇಕಾದರೆ ಅದರ ಬಟ್ಟೆ ಬಿಚ್ಚಿ ಕೊಡಬೇಕು. ಅಂಥ ಕಡೆಯಿಂದ ಬಂದವರಿಗೆ ಆ ಮಾತ್ರೆ ಒಂದು ಉಪಕಾರದ ಹಾಗೆ ಕಂಡಿತ್ತು. “ನಮ್ಮ ಕಾಲದಲ್ಲಿ ಇದಿದ್ದಿದ್ರೆ ನಾನು ಅಲ್ಲಿ ಕೂತು ಅಳಬೇಕಾಗಿರ್ಲಿಲ್ಲ” ಎಂದು ಒಮ್ಮೆ ಹೇಳಿದ್ದರು.

ಹಾಗೆ ಶುರುವಾಯಿತು. ಗೌರಿಹಬ್ಬ, ನವರಾತ್ರಿ, ತಿರುಪತಿ, ನೆಂಟರ ಮನೆಯ ಉಪನಯನ, ಮಾವನ ತಿಥಿ. ಡಾಕ್ಟರ ಚೀಟಿ ಯಾರೂ ಕೇಳಲಿಲ್ಲ. ಮೂಲೆಯ ಮೆಡಿಕಲ್ ಶಾಪಿನವನು ಮುಖ ನೋಡಿದೊಡನೆ ಕೊಟ್ಟುಬಿಡುತ್ತಿದ್ದ. ಮಾತ್ರೆ ನಿಲ್ಲಿಸಿದ ಮೇಲೆ ಬರುವ ಮುಟ್ಟು ಮಾತ್ರ ಹಳೆಯ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವ ಹಾಗೆ ಬರುತ್ತಿತ್ತು. ಗೆಡ್ಡೆಗೆಡ್ಡೆಯಾಗಿ ರಕ್ತ, ಸೊಂಟ ಮುರಿಯುವ ನೋವು. ಆ ದಿನಗಳಲ್ಲಿ ನುಂಗಂಬಾಕ್ಕಂನ ಆಫೀಸಿಗೆ ಕಪ್ಪು ಬಣ್ಣದ್ದನ್ನೇ ಉಟ್ಟು ಹೋಗುತ್ತಿದ್ದೆ. ಅಲ್ಲಿ ಅಕೌಂಟ್ಸ್ ವಿಭಾಗದಲ್ಲಿ ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕುರ್ಚಿ.

ಮಗಳು ಹುಟ್ಟಿದ ಮೇಲೆ ಮೈ ಬಂತು. ಬಂದದ್ದು ಹೋಗಲಿಲ್ಲ. ಮೂರನೇ ಮಹಡಿಯ ನಮ್ಮ ಮನೆಗೆ ಹತ್ತುವಾಗ ನಡುವೆ ನಿಂತು ಏದುಸಿರು ಬಿಡುವಂತಾಯಿತು. ಅದನ್ನೂ ಹೇಗೋ ಸಹಿಸಿಕೊಂಡಿದ್ದೆ. ಅಣ್ಣಾ ನಗರ್‌ನಲ್ಲಿ ಮಗಳ ಶಾಲೆಯ ವಾರ್ಷಿಕೋತ್ಸವದ ದಿನ, ಅವಳ ಗೆಳತಿಯ ತಾಯಿ ನನ್ನ ಹೊಟ್ಟೆಯನ್ನೇ ನೋಡಿ, “ಎನ್ನಂಗ, ವಿಶೇಷಮಾ?” ಎಂದು ನಗುತ್ತಾ ಕೇಳಿದರು. ಬಸುರಿಯೇ ಎಂದು. ನಾವು ಎರಡನೇ ಮಗುವಿಗಾಗಿ ಎರಡು ವರ್ಷದಿಂದ ಕಾಯುತ್ತಿದ್ದ ಹೊತ್ತು ಅದು. ಇಲ್ಲ ಎಂದು ನಕ್ಕೆ.

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳತಿ ಮಂಡ್ಯದವಳು. ಊರಿನ ಕನ್ನಡ ಆಡುವುದಕ್ಕೆ ನನಗಿದ್ದವಳು ಅವಳೊಬ್ಬಳೇ. ಅವಳು ತೂಕ ಇಳಿಸುವ ಒಂದು ಗುಂಪಿಗೆ ಸೇರಿ ಆಗಲೇ ಸಣ್ಣಗಾಗಿದ್ದಳು. ಮರುದಿನ ನನ್ನ ಮುಖ ನೋಡಿಯೇ ಏನೋ ಆಗಿದೆ ಎಂದು ಊಹಿಸಿದಳು.

“ನೀನೂ ಸೇರ್ಕೊ ಕಣೇ. ಎಲ್ಲಾ ಫೋನ್‌ನಲ್ಲೇ. ಆಯಮ್ಮ ನಮ್ಮ ಪೀರಿಯಡ್ಸ್ ನೋಡ್ಕಂಡು ಡಯಟ್ ಹೇಳ್ತಾಳೆ. ಯಾವ ವಾರ ಏನು ತಿನ್ಬೇಕು, ಯಾವ ವಾರ ಉಪವಾಸ ಇರ್ಬೇಕು ಅಂತ. ಸೈಂಟಿಫಿಕ್ಕು.”

‘ಆಯಮ್ಮ’ ಎಂದರೆ ಆ ಗುಂಪು ನಡೆಸುತ್ತಿದ್ದ ಕೋಚ್. ನಾನು ಅವಳನ್ನು ಕಣ್ಣಾರೆ ಕಂಡಿಲ್ಲ. ಇಂಗ್ಲಿಷು ಬೆರೆತ ತಮಿಳಿನಲ್ಲಿ, ತುಂಬ ಅಕ್ಕರೆಯ ದನಿಯಲ್ಲಿ ಸಂದೇಶ ಕಳಿಸುತ್ತಿದ್ದಳು. ಭಾನುವಾರ ಬೆಳಿಗ್ಗೆ ಪ್ರತಿಯೊಬ್ಬರೂ ತೂಕದ ಯಂತ್ರದ ಮೇಲೆ ನಿಂತು ಫೋಟೊ ತೆಗೆದು ಗುಂಪಿಗೆ ಹಾಕಬೇಕು. ಇಳಿದವರಿಗೆ ಚಪ್ಪಾಳೆ. ಇಳಿಯದವರಿಗೆ ಖಾಸಗಿಯಾಗಿ ಒಂದು ಫೋನು.

ಮೊದಲ ತಿಂಗಳು ನನಗೆ ಚಪ್ಪಾಳೆಯೇ. ದಿನಕ್ಕೆ ಒಂದೇ ಊಟ, ಉಳಿದ ಹೊತ್ತು ನಿಂಬೆನೀರು, ಸಕ್ಕರೆಯಿಲ್ಲದ ಕಾಫಿ. ಮುಟ್ಟಿಗೆ ಮುಂಚಿನ ವಾರ ಮೈಯಲ್ಲಿ ನೀರು ನಿಲ್ಲುತ್ತದೆ, ಅದಕ್ಕೇ ಆ ವಾರ ಉಪ್ಪು ಬಿಡಬೇಕು, ನೀರೂ ಕಡಿಮೆ ಮಾಡಬೇಕು, ಒಂದು ಸೊಪ್ಪಿನ ಕಷಾಯ ಕುಡಿದು ಇರುವ ನೀರನ್ನು ಹೊರಗೆ ಕಳಿಸಬೇಕು ಎಂದು ಕೋಚ್ ಹೇಳಿದ್ದಳು. ಮೈಯಲ್ಲಿ ನೀರು ನಿಲ್ಲುವುದು ನಿಜವೇ. ಅದು ಮುಟ್ಟು ಬಂದೊಡನೆ ತಾನಾಗಿಯೇ ಇಳಿಯುತ್ತದೆ, ಅದಕ್ಕಾಗಿ ನೀರು ಬಿಡಬೇಕಾಗಿಲ್ಲ ಎಂದು ನನಗೆ ಹೇಳುವವರು ಸಿಕ್ಕಿದ್ದು ಆಮೇಲೆ.

ಎರಡನೇ ತಿಂಗಳು ಬೇಸಿಗೆ. ಗಂಡನ ಕಡೆಯ ನೆಂಟರಲ್ಲಿ ಉಪನಯನ ಇತ್ತು. ನಾನು ಮಾತ್ರೆ ಶುರುಮಾಡಿದೆ. ಅದು ಮುಗಿಯುವಷ್ಟರಲ್ಲಿ ಮಾವನ ತಿಥಿ ಹತ್ತಿರ ಬಂತು. ಶ್ರಾದ್ಧ ಮಾಡುವವನ ಹೆಂಡತಿ ಆ ದಿನ ಮುಟ್ಟಾದರೆ ತಿಥಿಯನ್ನು ಮುಂದೆ ಹಾಕಬೇಕು. ಆಗ ಕರೆದ ಬ್ರಾಹ್ಮಣರು ಸಿಗುವುದಿಲ್ಲ, ಗಂಡನಿಗೆ ರಜೆ ಸಿಗುವುದಿಲ್ಲ. ಹಾಗಾಗಿ ನಡುವೆ ನಿಲ್ಲಿಸದೆ ಮಾತ್ರೆ ಮುಂದುವರಿಸಿದೆ. ಇದನ್ನು ಅತ್ತೆ ಹೇಳಲಿಲ್ಲ. ಅಷ್ಟು ಹೊತ್ತಿಗೆ ನನಗೇ ಅಭ್ಯಾಸವಾಗಿಹೋಗಿತ್ತು.

ತೂಕ ನಿಂತುಬಿಟ್ಟಿತು. ನಿಂತದ್ದಷ್ಟೇ ಅಲ್ಲ, ಮೈ ಊದಿಕೊಂಡಿತು. ಉಂಗುರ ಬಿಗಿಯಾಯಿತು. ಮುಟ್ಟನ್ನು ತಡೆಹಿಡಿದಿದ್ದರಿಂದ ನಾನು ಆ ‘ಮುಂಚಿನ ವಾರ’ದಲ್ಲೇ ವಾರಗಟ್ಟಲೆ ಸಿಕ್ಕಿಕೊಂಡಿದ್ದೆ. ಭಾನುವಾರ ಫೋಟೊ ಹಾಕಿದ ಮೇಲೆ ಕೋಚ್ ಫೋನು ಮಾಡಿದಳು. ಮಾತ್ರೆಯ ವಿಷಯ ಹೇಳಿದೆ. ಅವಳು ಆ ಮಾತನ್ನು ಅಲ್ಲಿಗೇ ಬಿಟ್ಟಳು.

“ಅದು ಬರೀ ವಾಟರ್ ವೆಯ್ಟ್ ಡಿಯರ್. ಇನ್ನೂ ಕೊಂಚ ಟೈಟ್ ಮಾಡಿ. ಕಷಾಯ ಎರಡು ಹೊತ್ತು ಮಾಡಿಕೊಳ್ಳಿ” ಎಂದಳು.

ಅದು ಅಗ್ನಿ ನಕ್ಷತ್ರದ ಹೊತ್ತು. ಚೆನ್ನೈಯಲ್ಲಿ ನಲ್ಲಿ ತಿರುಗಿಸಿದರೆ ಕಾದ ನೀರು ಬರುವ, ಮಧ್ಯಾಹ್ನ ಬೀದಿನಾಯಿಗಳೂ ಕಾಣದಂತಾಗುವ ದಿನಗಳು. ಆ ಸೆಕೆಯಲ್ಲಿ ನಾನು ಬಾಯಾರಿಕೆ ತಡೆದುಕೊಂಡು ಓಡಾಡಿದೆ. ತಡೆದುಕೊಂಡೆನೆಂದು ಹೆಮ್ಮೆ ಬೇರೆ.

ತಲೆನೋವು ಆ ವಾರ ಬಂತು. ಮೊದಲು ಹಿಂದಲೆಯಲ್ಲಿ, ಆಮೇಲೆ ಕಣ್ಣಿನ ಹಿಂದೆ. ಬಗ್ಗಿದರೆ ಹೆಚ್ಚು, ಮಲಗಿದರೆ ಇನ್ನೂ ಹೆಚ್ಚು. ಬಸ್ಸಿನ ನಂಬರು ಎರಡೆರಡಾಗಿ ಕಾಣುತ್ತಿತ್ತು. ಆಫೀಸಿನಲ್ಲಿ ಗೆಳತಿ, “ಊಟ ಬಿಟ್ಟಿದ್ದಕ್ಕೆ ಹಂಗಾಯ್ತದೆ, ನಂಗೂ ಆಗಿತ್ತು” ಎಂದಳು. ಗಂಡ ಡಾಕ್ಟರ ಹತ್ತಿರ ಹೋಗೋಣ ಎಂದು ಎರಡು ಸಲ ಕರೆದರು.

“ತಿಥಿ ಮುಗೀಲಿ” ಎಂದೆ.

ತಿಥಿಯ ದಿನ ಬೆಳಗಿನ ಜಾವ ಎದ್ದು ವಾಂತಿ ಮಾಡಿಕೊಂಡೆ. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಹಳದಿ ನೀರು. ಯಾರಿಗೂ ಹೇಳದೆ ಸ್ನಾನ ಮಾಡಿ ಮಡಿಸೀರೆ ಉಟ್ಟೆ. ಬ್ರಾಹ್ಮಣರ ಊಟ ಆಗುವವರೆಗೆ ಅಡುಗೆ ಮಾಡುವವರು ಹನಿ ನೀರೂ ಕುಡಿಯುವ ಹಾಗಿಲ್ಲ. ಅತ್ತೆ, ನಾನು, ಸಹಾಯಕ್ಕೆ ಕರೆದಿದ್ದ ಅಡುಗೆಯ ಮಾಮಿ, ಮೂವರಿದ್ದೆವು. ಎರಡು ಒಲೆ ಉರಿಯುತ್ತಿದ್ದವು, ಫ್ಯಾನು ಹಾಕಿದರೆ ಬೆಂಕಿ ಆರುತ್ತದೆ. ಉದ್ದಿನ ವಡೆ ಕರಿಯುವಾಗ ಬಾಣಲೆಯ ಅಂಚು ಅಲ್ಲಾಡಿದಂತೆ ಕಂಡಿತು.

ಅತ್ತೆ ಒಮ್ಮೆ ನನ್ನ ಕಡೆ ತಿರುಗಿದರು. “ಏನಮ್ಮಾ, ಮುಖ ಎಲ್ಲಾ ವಾಡಿ ಹೋಗಿದೆ?”

“ಸೆಕೆ ಅಷ್ಟೇ ಅತ್ತೆ.”

ಎಲೆ ಹಾಕಿ ಬಡಿಸಲು ಶುರುಮಾಡಿದೆವು. ನಾನು ತುಪ್ಪ ಬಡಿಸುತ್ತಿದ್ದೆ. ಎರಡನೇ ಎಲೆಯ ಮುಂದೆ ಬಗ್ಗಿದಾಗ ತುಪ್ಪದ ಗಿಂಡಿ ಕೈಯಿಂದ ಜಾರಿತು. ಜಾರಿತೆಂದು ನನಗೆ ಗೊತ್ತಾಗಲೇ ಇಲ್ಲ, ಸದ್ದು ಕೇಳಿ ನೋಡಿದೆ. ನನ್ನ ಬಲಗೈ ಪಕ್ಕದಲ್ಲಿ ತೂಗುತ್ತಿತ್ತು, ಬೇರೆ ಯಾರದೋ ಕೈ ಅನ್ನುವ ಹಾಗೆ. ಕ್ಷಮಿಸಿ ಎನ್ನಲು ಹೋದೆ. ಬಾಯಿಂದ ಬಂದದ್ದು ಮಾತಲ್ಲ.

ಅಲ್ಲಿಂದ ಮುಂದಿನದು ಬೇರೆಯವರು ಹೇಳಿ ಗೊತ್ತಾದದ್ದು. ನಾನು ಕುಸಿದೆನಂತೆ, ಕೈಕಾಲು ಸೆಟೆದು ಫಿಟ್ಸ್ ಬಂತಂತೆ. ಊಟಕ್ಕೆ ಕೂತಿದ್ದವರಲ್ಲಿ ಒಬ್ಬರು, ಶ್ರಾದ್ಧ ನಡುವೆ ನಿಲ್ಲಬಾರದಲ್ಲ ಎಂದು ಗೊಣಗಿದರಂತೆ. ಬೆರಳಲ್ಲಿ ದರ್ಭೆಯ ಪವಿತ್ರ ಹಾಕಿಕೊಂಡು ಗಂಡ ನಿಂತಲ್ಲೇ ನಿಂತಿದ್ದಾಗ ಅತ್ತೆ ಕೂಗಿದರಂತೆ:

“ತಿಥಿ ಹಾಳಾಗ್ಲಿ! ಏನೋ ನೋಡ್ತಾ ನಿಂತಿದೀಯ? ವಂಡಿ ತೆಗಿಯೋ, ಸೀಗ್ರ!”

ಮಡಿಯಲ್ಲಿದ್ದಾಗ ಮೊಮ್ಮಗಳನ್ನೂ ಹತ್ತಿರ ಬಿಡದಿದ್ದವರು ಅದೇ ಸೀರೆಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾನು ವಾಂತಿ ಮಾಡಿದ್ದನ್ನು ಸೆರಗಿನಿಂದ ಒರೆಸುತ್ತಾ ಆಸ್ಪತ್ರೆಯವರೆಗೆ ಬಂದರು.

ತಲೆಯೊಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸ್ಕ್ಯಾನ್ ನೋಡಿದ ನರರೋಗದ ಡಾಕ್ಟರು ಮೊದಲು ಕೇಳಿದ್ದು, ಇವರು ಹಾರ್ಮೋನ್ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದಾರಾ ಎಂದು. ಗಂಡನಿಗೆ ಗೊತ್ತಿರಲಿಲ್ಲ. ಅತ್ತೆ ಮುಂದೆ ಬಂದು ಹೇಳಿದರು. ನೀರು ಬಿಟ್ಟಿದ್ದು, ಊಟ ಬಿಟ್ಟಿದ್ದು ಒಂದೊಂದಾಗಿ ಹೊರಬಂತು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶ ತೀರ ಇಳಿದುಹೋಗಿದ್ದು ಕಂಡಿತು. ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಿ ಹೇಳಲಾಗುವುದಿಲ್ಲ, ಎಲ್ಲ ಸೇರಿಕೊಂಡಿರಬೇಕು ಎಂದರಂತೆ ಡಾಕ್ಟರು. ಬೇಸಿಗೆಯಲ್ಲಿ, ಹಬ್ಬ ಪೂಜೆಗಳ ಹೊತ್ತಿನಲ್ಲಿ ಇಂಥ ಹೆಂಗಸರನ್ನು ತಾವು ಹಿಂದೆಯೂ ನೋಡಿರುವುದಾಗಿ ಹೇಳಿದರಂತೆ.

ಅತ್ತೆ ಐಸಿಯುವಿನ ಹೊರಗಿನ ಬೆಂಚಿನ ಮೇಲೆ ಆ ಮಾತು ಕೇಳಿ ಕೂತವರು ಮರುದಿನದವರೆಗೆ ಮನೆಗೆ ಹೋಗಲಿಲ್ಲ.

ನನಗೆ ಪ್ರಜ್ಞೆ ಬಂದಾಗ ಬಾಯಿ ಒಣಗಿತ್ತು. ನೀರು ಕೇಳಬೇಕು, ನೀರು ಅನ್ನುವ ಮಾತು ಸಿಗಲಿಲ್ಲ. ನರ್ಸ್ ಮುಖ ನೋಡಿ ‘ತಣ್ಣಿ’ ಎಂದೆ. ಅದು ಹೇಗೋ ಬಂತು. ಆಮೇಲೆ ಕೆಲವು ದಿನ ತಮಿಳಿನ ಚೂರುಪಾರು ಮಾತುಗಳೇ ಬರುತ್ತಿದ್ದವು. ಮೈಸೂರಿನಿಂದ ಓಡಿಬಂದ ನನ್ನ ಅಮ್ಮ ತಮಿಳು ಅರಿಯದವರು. ಹಾಸಿಗೆಯ ಪಕ್ಕ ಕೂತು, “ಯಾಕೆ ಪುಟ್ಟಿ, ನನ್ನ ಜೊತೆ ಮಾತಾಡಲ್ವಾ?” ಎನ್ನುತ್ತಿದ್ದರು. ನನಗೆ ಎಲ್ಲ ಅರ್ಥವಾಗುತ್ತಿತ್ತು. ಉತ್ತರ ಗಂಟಲಿನ ತನಕ ಬಂದು ನಿಲ್ಲುತ್ತಿತ್ತು. ಅಮ್ಮ ಹೊರಗೆ ಹೋಗಿ ಅಳುವುದು ಕೇಳಿಸುತ್ತಿತ್ತು.

ಕನ್ನಡ ನಿಧಾನಕ್ಕೆ ಮರಳಿತು. ಕಾಲು ಸರಿಹೋಯಿತು. ಬಲಗೈ ಅರ್ಧ ಮಾತ್ರ ಬಂತು. ಹಿಡಿ ಮುಚ್ಚುತ್ತದೆ, ಬಿಗಿ ಇಲ್ಲ. ಸೂಜಿಗೆ ದಾರ ಪೋಣಿಸಲು, ಮಗಳ ಜಡೆ ಹೆಣೆಯಲು, ಚಪಾತಿ ಹಿಟ್ಟು ನಾದಲು ಆಗುವುದಿಲ್ಲ. ಆಫೀಸಿನವರು ಕೆಲವು ತಿಂಗಳು ಕಾದರು. ನಾನು ಹೋಗಿ ಕೂತು ನೋಡಿದೆ. ಎಡಗೈಯಲ್ಲಿ ಒಂದೊಂದೇ ಅಂಕಿ ಒತ್ತುತ್ತಾ ಕೂತವಳನ್ನು ಪಕ್ಕದವರು ನೋಡದ ಹಾಗೆ ನೋಡುತ್ತಿದ್ದರು. ನಾನೇ ರಾಜೀನಾಮೆ ಕೊಟ್ಟೆ.

ಆಸ್ಪತ್ರೆಯಿಂದ ಬಂದಾಗ ನಾನು ಸಣ್ಣಗಾಗಿದ್ದೆ. ಮೂಗಿನ ನಳಿಕೆಯಲ್ಲಿ ಗಂಜಿ ಕುಡಿದವಳು ಇನ್ನೇನಾಗುತ್ತಾಳೆ! ಶಾಲೆಯ ಗೇಟಿನ ಬಳಿ, ಅಂದು ‘ವಿಶೇಷಮಾ’ ಎಂದು ಕೇಳಿದ್ದ ಅದೇ ಹೆಂಗಸು ಸಿಕ್ಕಿ, “ಸೂಪರಾ ಇಳೈಚ್ಚಿಟ್ಟೀಂಗಳೇ! ಇಷ್ಟು ಸಣ್ಣಗಾಗೋಕೆ ಏನು ಮಾಡಿದಿರಿ?” ಎಂದರು. ನನ್ನ ಕೈಯನ್ನು ದುಪಟ್ಟಾದ ಒಳಗಿಟ್ಟುಕೊಂಡಿದ್ದೆ. ಜ್ವರ ಬಂದಿತ್ತು ಎಂದೆ.

ಆ ಸಣ್ಣಗಾದದ್ದೂ ಉಳಿಯಲಿಲ್ಲ. ಮಲಗಿ ಮಲಗಿ, ಫಿಟ್ಸಿನ ಮಾತ್ರೆ ತಿಂದು ಮೊದಲಿಗಿಂತ ಹೆಚ್ಚು ದಪ್ಪಗಾದೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಔಷಧಿಯಿಂದ ಮುಟ್ಟು ಭಯಂಕರವಾಯಿತು. ಹಾಸಿಗೆಗೆ ರಬ್ಬರ್ ಶೀಟು ಹಾಸಿಕೊಂಡು ಮಲಗುತ್ತಿದ್ದೆ. ಎದ್ದರೆ ಕಣ್ಣು ಕತ್ತಲೆ. ಎರಡು ಸಲ ರಕ್ತ ಹಾಕಿಸಬೇಕಾಯಿತು. ಇದನ್ನು ನಿಲ್ಲಿಸುವ ಮಾತ್ರೆ ಇಲ್ಲವೇ ಎಂದರೆ ಆ ಜಾತಿಯ ಮಾತ್ರೆ ನೀವು ಇನ್ನು ಮುಟ್ಟುವ ಹಾಗಿಲ್ಲ ಎಂದರು ಡಾಕ್ಟರು. ಬಸುರಾದರೆ ಮತ್ತೆ ಹೆಪ್ಪುಗಟ್ಟುವ ಭಯ, ದಿನಾ ಇಂಜೆಕ್ಷನ್ ಬೇಕಾಗುತ್ತದೆ ಎಂದೂ ಹೇಳಿದರು. ಅಂದು ಮನೆಗೆ ಬಂದ ಮೇಲೆ ಗಂಡ, “ನಮಗೆ ಒಬ್ಳು ಸಾಕು” ಎಂದರು. ಅಷ್ಟರ ಮೇಲೆ ಆ ಮಾತು ನಮ್ಮಲ್ಲಿ ಬಂದಿಲ್ಲ.

ತೂಕ ಇಳಿಸಲೇಬೇಕು ಎಂದು ಈ ಸಲ ಹೇಳಿದ್ದು ಆಸ್ಪತ್ರೆಯವರೇ. ಅವರು ಕಳಿಸಿದ ಆಹಾರತಜ್ಞೆ ನನಗಿಂತ ಚಿಕ್ಕ ಹೆಂಗಸು. ಮೊದಲ ದಿನ ನಾನು ಎಷ್ಟು ದಿನದಲ್ಲಿ ಎಷ್ಟು ಇಳಿಯಬೇಕು ಎಂದು ಕೇಳಿದೆ. ಅವಳು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

“ಮೊದಲು ರಕ್ತ ಆಗಲಿ ಅಕ್ಕಾ. ತೂಕ ಆಮೇಲೆ” ಎಂದಳು ತಮಿಳಿನಲ್ಲಿ. “ಮೂರು ಹೊತ್ತೂ ಊಟ ಮಾಡಿ. ನೀರು ಕುಡಿಯಿರಿ. ರಕ್ತ ಜಾಸ್ತಿ ಹೋಗುವ ದಿನ ವಾಕಿಂಗ್ ಬೇಡ, ಮನೆಯೊಳಗೆ ಓಡಾಡಿದರೆ ಸಾಕು. ಮುಟ್ಟಿನ ವಾರ, ಅದರ ಹಿಂದಿನ ವಾರ ತೂಕದ ಯಂತ್ರದ ಹತ್ತಿರ ಹೋಗಬೇಡಿ. ಮುಗಿದ ಮೇಲೆ ಒಂದು ದಿನ ಬೆಳಿಗ್ಗೆ ನೋಡಿ. ಹೋದ ತಿಂಗಳು ಅದೇ ಹೊತ್ತಿಗೆ ಎಷ್ಟಿತ್ತೋ ಅದರ ಜೊತೆ ಹೋಲಿಸಿ, ಸಾಕು.”

ಅಷ್ಟೇ ಇದ್ದದ್ದು. ಇದನ್ನು ಕೇಳಲು ನಾನು ಇಷ್ಟು ದೂರ ಬರಬೇಕಾಯಿತೇ ಎಂದು ಆಟೋದಲ್ಲಿ ಕೂತು ಅತ್ತುಬಿಟ್ಟೆ.

ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಔಷಧಿಯ ಕೆಲಸವನ್ನು ಸೊಪ್ಪು ಏರುಪೇರು ಮಾಡುತ್ತದಂತೆ, ಹಾಗಾಗಿ ಅದನ್ನು ಒಂದು ದಿನ ರಾಶಿ ತಿಂದು ಇನ್ನೊಂದು ದಿನ ಬಿಡುವ ಹಾಗಿಲ್ಲ, ದಿನವೂ ಒಂದೇ ಸಮ ಇರಬೇಕು. ಅದರ ಉಸ್ತುವಾರಿಯನ್ನು ಅತ್ತೆ ತೆಗೆದುಕೊಂಡರು. ಒಂದೇ ಬಟ್ಟಲಿನಲ್ಲಿ ಅಳೆದು ಸೊಪ್ಪು ಬೇಯಿಸುತ್ತಾರೆ. ಹೆಸರುಕಾಳು, ಕಡಲೆಕಾಳು ನೆನೆಹಾಕುತ್ತಾರೆ. ನಾನು ಮುಟ್ಟಾದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತರೆ, “ಅಲ್ಲಿ ಯಾಕಮ್ಮಾ ನಿಂತ್ಕೊಂಡೆ, ಬಂದು ಕೂತು ತಿನ್ನು” ಎನ್ನುತ್ತಾರೆ. ಒಮ್ಮೆಯೂ ನನ್ನ ಹತ್ತಿರ ತಪ್ಪಾಯಿತು ಎಂದಿಲ್ಲ. ಒಂದು ಮಧ್ಯಾಹ್ನ ಮಾತ್ರ ನನ್ನ ಬಲಗೈಗೆ ಎಣ್ಣೆ ತಿಕ್ಕುತ್ತಾ, “ನನ್ನ ಕೈಯಾಗಿರಬಾರದಾ ಇದು” ಎಂದರು. ಸಮಾಧಾನ ಹೇಳುವ ಮನಸ್ಸು ಆ ದಿನ ನನಗಿರಲಿಲ್ಲ.

ತೂಕ ಇಳಿಯಿತು. ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ಎರಡು ವರ್ಷ ಹಿಡಿದು. ನಡುವೆ ನಿಂತೂ ಹೋಯಿತು, ಏರಿಯೂ ಹೋಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಶಾಲೆಯ ಗೇಟಿನಲ್ಲಿ ಯಾರೂ ಗುರುತಿಸಲಿಲ್ಲ. ಮೂರು ಮಹಡಿ ನಿಲ್ಲದೆ ಹತ್ತುತ್ತೇನೆ. ಮುಟ್ಟು ಈಗಲೂ ಹೆಚ್ಚೇ. ತಿಂಗಳಲ್ಲಿ ಕೆಲವು ದಿನ ಹಾಸಿಗೆ ಹಿಡಿಯುತ್ತೇನೆ.

ಮಂಡ್ಯದ ಗೆಳತಿ ಒಮ್ಮೆ ನೋಡಲು ಬಂದಿದ್ದಳು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಅತ್ತೆ ಉಪ್ಪಿಟ್ಟು ಕೊಟ್ಟರೆ ಎರಡು ಚಮಚ ತಿಂದು ತಟ್ಟೆ ಸರಿಸಿದಳು. ಎಲ್ಲ ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು.

“ನಂಗೆ ಮೂರು ತಿಂಗ್ಳಿಂದ ಆಗೇ ಇಲ್ಲ ಕಣೇ” ಎಂದಳು ಸಣ್ಣ ದನಿಯಲ್ಲಿ.

“ಡಾಕ್ಟರಿಗೆ ತೋರಿಸು. ನಾಳೇನೇ ಹೋಗು. ನಾನೂ ಬರ್ತೀನಿ.”

“ಹೂಂ” ಎಂದಳು. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟಳು. ಎಲ್ಲಿದ್ದಾಳೋ, ಹೇಗಿದ್ದಾಳೋ.

ಮಗಳಿಗೆ ಈಗ ಹನ್ನೆರಡು ತುಂಬುತ್ತಿದೆ. ಹೋದ ವರ್ಷ ದೊಡ್ಡವಳಾದಳು. ಮೊನ್ನೆ ಸಂಜೆ ಶಾಲೆಯಿಂದ ಬಂದವಳು ಸ್ಕರ್ಟಿನ ಕೊಕ್ಕೆ ಬಿಗಿಯಾಗಿದೆ ಎಂದು ಅತ್ತಳು. ರಾತ್ರಿಯ ಊಟಕ್ಕೆ ಕರೆದರೆ ಬರಲಿಲ್ಲ.

“ಎನಕ್ಕು ವೇಣಾಂಮ್ಮಾ” ಎಂದಳು, ನನಗೆ ಬೇಡ ಎಂದು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲೇ. “ನಾಳೆಯಿಂದ ಡಿನ್ನರ್ ಕಟ್.”

ನನ್ನ ಕೈ ಯಾಕೆ ಹೀಗಾಯಿತು ಎಂದು ಅವಳಿಗೆ ಯಾರೂ ಪೂರ್ತಿ ಹೇಳಿರಲಿಲ್ಲ. ತಲೆಗೆ ಕಾಯಿಲೆ ಬಂದಿತ್ತು ಎಂದಷ್ಟೇ ಗೊತ್ತು. ಅವಳ ಮಂಚದ ಮೇಲೆ ಕೂತು ಮೊದಲಿನಿಂದ ಹೇಳಿದೆ. ಮಾತ್ರೆ, ಕೋಚು, ನೀರು ಬಿಟ್ಟದ್ದು. ಅವಳು ಫೋನು ಕೆಳಗಿಟ್ಟು ಕೇಳಿದಳು.

“ಅಜ್ಜಿ ನನ್ನ ಬಾತ್‌ರೂಮಿಗೆ ಹಾಕಿ ಚಿಲಕ ಹಾಕಿದ್ರು ಅವತ್ತು, ನಾನು ನೋಡಬಾರದು ಅಂತ” ಎಂದಳು ತಮಿಳಿನಲ್ಲಿ. “ಆಮೇಲೆ ಮರೆತು ಹೋಗ್ಬಿಟ್ರು. ಎಲ್ಲಾರೂ ಹೋದ್ಮೇಲೆ ಆ ಅಡುಗೆಯ ಮಾಮಿ ಬಂದು ತೆಗೆದ್ರು. ನೀ ಸೆತ್ತು ಪೋಯ್ಟೇನ್ನು ನೆನಚ್ಚೇನ್.”

ನಾನು ಸತ್ತೇಹೋದೆ ಎಂದುಕೊಂಡಿದ್ದಳು. ಇಷ್ಟು ವರ್ಷ ಆ ಬಾಗಿಲ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಎಡಗೈಯಿಂದ ಅವಳನ್ನು ಹತ್ತಿರ ಎಳೆದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಊಟದ ಮೇಜಿಗೆ ಬಂದಳು. ಅತ್ತೆ ಬಿಸಿಯಾಗಿ ದೋಸೆ ಹಾಕಿಕೊಟ್ಟರು. ಎರಡು ತಿಂದಳು. ಮೂರನೆಯದು ಬೇಡ ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಹಸಿವು ತೀರಿತೋ, ಇನ್ನೂ ಲೆಕ್ಕ ಹಾಕುತ್ತಿದ್ದಾಳೋ ಎಂದು ಅವಳ ಮುಖವನ್ನೇ ನೋಡಿದೆ. ತಿಳಿಯಲಿಲ್ಲ. ಒಂದು ಲೋಟ ನೀರು ತುಂಬಿಸಿ ಅವಳ ಮುಂದಿಟ್ಟೆ.